ಘಾಟ್ ಏರುವಾಗ ಹಳೆಯ ಡೀಸೆಲ್ ಫೋರ್ ವೀಲ್ ಡ್ರೈವ್ ತಡವರಿಸುವುದೇಕೆ?

ಬೆಳಗಾವಿಯಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡ ಗಾಡಿ ಚೋರ್ಲಾ ಘಾಟ್ ಏರುವಾಗ ಆಕ್ಸಿಲರೇಟರ್ ಒತ್ತಿದರೂ ಒಂದೆರಡು ಕ್ಷಣ ತಡೆದು ಆಮೇಲೆ ಎಳೆಯುತ್ತದೆ ಎಂದಿದ್ದೀರಿ. ಯಾರಾದರೂ ಹೇಳಿದರೆಂದು ಮೊದಲೇ ಟರ್ಬೊ (ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಭಾಗ) ಬದಲಿಸಬೇಡಿ, ಅದು ದುಬಾರಿ ಊಹೆ.

ನಾನಾದರೆ ಡೀಸೆಲ್ ಫಿಲ್ಟರ್‌ನಿಂದ ಶುರು ಮಾಡುತ್ತೇನೆ. ಹಿಂದಿನ ಮಾಲೀಕರು ಅದನ್ನು ಯಾವಾಗ ಬದಲಿಸಿದ್ದರೋ ದೇವರೇ ಬಲ್ಲ! ಫಿಲ್ಟರ್ ಕಟ್ಟಿಕೊಂಡಿದ್ದರೆ ಸಮತಟ್ಟು ರಸ್ತೆಯಲ್ಲಿ ಗೊತ್ತಾಗುವುದಿಲ್ಲ. ಏರಿನಲ್ಲಿ ಎಂಜಿನ್ ಹೆಚ್ಚು ಡೀಸೆಲ್ ಬೇಡಿದಾಗ ಉಸಿರು ಕಟ್ಟುತ್ತದೆ. ಅದರ ತಳದಲ್ಲಿ ನೀರು ನಿಂತಿದ್ದರೆ ಹೊರಬಿಡಿಸಿ. ಏರ್ ಫಿಲ್ಟರ್ ಅನ್ನೂ ನೋಡಿಬಿಡಿ, ಕಬ್ಬಿನ ಹಂಗಾಮಿನ ಧೂಳು ಸಾಮಾನ್ಯದ್ದಲ್ಲ.

ಬಳಿಕ ಹೊಗೆ. ಒತ್ತಿದಾಗ ದಟ್ಟ ಕಪ್ಪು ಹೊಗೆ ಬಂದರೆ ಬಹುಮಟ್ಟಿಗೆ ಗಾಳಿ ಸಾಲುತ್ತಿಲ್ಲ ಎಂದರ್ಥ. ಟರ್ಬೊದಿಂದ, ಆ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರ್‌ಗೆ ಹೋಗುವ ಹೋಸ್ ಸೀಳಿರಬಹುದು, ಹೊಗೆಯ ಒಂದು ಪಾಲನ್ನು ಎಂಜಿನ್‌ಗೆ ಮರಳಿಸುವ ಇಜಿಆರ್ ವಾಲ್ವ್ ಮಸಿ ಹಿಡಿದು ತೆರೆದೇ ನಿಂತಿರಬಹುದು. ಹೋಸ್‌ನ ಸೀಳು ಹೆಚ್ಚಾಗಿ ಅಡಿಭಾಗದಲ್ಲಿರುತ್ತದೆ. ಎಂಜಿನ್ ತಣ್ಣಗಾದ ಮೇಲೆ ಕೈಯಾಡಿಸಿ, ಎಣ್ಣೆ ಜಿಡ್ಡು ಸಿಕ್ಕರೆ ಅಲ್ಲಿಯೇ ಹುಡುಕಿ. ಹೊಗೆಯಿಲ್ಲದೆ ಸೊರಗಿದರೆ ಗ್ಯಾರೇಜಿನಲ್ಲಿ ದೋಷ ಓದುವ ಸ್ಕ್ಯಾನರ್ ಹಾಕಿಸಿ, ಪೆಡಲ್ ಸೆನ್ಸರ್ ಅಥವಾ ಡೀಸೆಲ್ ಒತ್ತಡದ ದೋಷ ಸಿಗಬಹುದು.

ಆರ್‌ಪಿಎಂ ತೀರಾ ಕಡಿಮೆ ಇದ್ದಾಗ ಮಾತ್ರ ಹೀಗಾಗುತ್ತದೆಯೇ? ಹಾಗಿದ್ದರೆ ಅದು ಟರ್ಬೊ ಲ್ಯಾಗ್, ಅಂದರೆ ಟರ್ಬೊ ವೇಗ ಹಿಡಿಯುವವರೆಗಿನ ತಡ; ಒಂದು ಗೇರ್ ಇಳಿಸಿ ಓಡಿಸಿ.