ಕಂಬಳಿಕೊಪ್ಪೆಯ ಹೋಲಿಕೆ ಬಿಡಿ

ನಮಸ್ಕಾರ. ಮೂಡಿಗೆರೆಯಿಂದ ನೀವು ಕಳಿಸಿದ ‘ಬ್ಯಾಟರಿಗೊಂದು ಕಂಬಳಿಕೊಪ್ಪೆ’ ಲೇಖನವನ್ನು, ಲಿಥಿಯಂ ಲೋಹದ ಬ್ಯಾಟರಿಯೊಳಗೆ ಬಳಿಯುವ ಲೇಪನದ ಕುರಿತದ್ದನ್ನು, ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲಾರೆ. ತಿದ್ದಿ ಕೊಟ್ಟರೆ ಖಂಡಿತ ಹಾಕುತ್ತೇನೆ.

ತೊಡಕು ಶೀರ್ಷಿಕೆಯಲ್ಲೇ ಇದೆ. ಕೊಪ್ಪೆ ಹಾಕಿಕೊಂಡು ನಾಟಿಗೆ ಇಳಿದವರನ್ನು ನೋಡುತ್ತಾ ಬೆಳೆದವರು ನೀವು, ಹೋಲಿಕೆ ಕಣ್ಣಿಗೆ ಕಟ್ಟುತ್ತದೆ. ಆದರೆ ಕೊಪ್ಪೆಗೆ ಮಳೆ ತಡೆಯುವುದೊಂದೇ ಕೆಲಸ. ಲಿಥಿಯಂ ಲೋಹದ ಮೇಲಿನ ಪಾಲಿಮರ್ (ಪ್ಲಾಸ್ಟಿಕ್ಕಿನಂಥ ವಸ್ತು) ಲೇಪನ ಎಲ್ಲವನ್ನೂ ತಡೆದರೆ ಬ್ಯಾಟರಿಯೇ ನಡೆಯದು. ಬ್ಯಾಟರಿಯ ಎರಡು ಧ್ರುವಗಳ ನಡುವಿನ ದ್ರವವಾದ ಎಲೆಕ್ಟ್ರೋಲೈಟಿನ ದ್ರಾವಕವನ್ನು ಅದು ಲೋಹದಿಂದ ದೂರವಿಡಬೇಕು, ವಿದ್ಯುದಾವೇಶ ಹೊತ್ತ ಕಣಗಳಾದ ಲಿಥಿಯಂ ಅಯಾನುಗಳಿಗೆ ಮಾತ್ರ ದಾರಿ ಬಿಡಬೇಕು. ಚಾರ್ಜ್ ಆಗುವಾಗ ಲೋಹ ಉಬ್ಬುತ್ತದೆ, ಬಳಸಿದಾಗ ತಗ್ಗುತ್ತದೆ. ಲೇಪನವೂ ಅದರ ಜೊತೆಗೇ ಹಿಗ್ಗಿ ಕುಗ್ಗಬೇಕು. ಲೋಹದ ಮೇಲೆ ತಾನಾಗಿ ಕಟ್ಟುವ ಪದರಕ್ಕೆ ಆ ಬಳುಕು ಸಾಲದು. ಬೇಸಿಗೆಯ ಕೆರೆಯಂಗಳದಂತೆ ಅದು ಬಿರಿಯುತ್ತದೆ. ಬಿರುಕಿನತ್ತ ಅಯಾನುಗಳು ಮುಗಿಬೀಳುತ್ತವೆ, ಡೆಂಡ್ರೈಟ್ ಎಂಬ ಲೋಹದ ಕವಲು ಅಲ್ಲೇ ಚಿಗುರುತ್ತದೆ. ಅದು ಬೆಳೆದು ಎದುರಿನ ಧ್ರುವ ಮುಟ್ಟಿದರೆ ಶಾರ್ಟ್ ಸರ್ಕ್ಯೂಟ್. ಬುಡ ಕಳಚಿದರೆ ಅಷ್ಟು ಲಿಥಿಯಂ ಮತ್ತೆ ಕೆಲಸಕ್ಕೆ ಬಾರದು. ಒಂದರಿಂದ ಬೆಂಕಿಯ ಭಯ, ಇನ್ನೊಂದರಿಂದ ಆಯಸ್ಸಿಗೆ ಪೆಟ್ಟು. ನೀವು ಎರಡನ್ನೂ ಒಂದೇ ವಾಕ್ಯದಲ್ಲಿ ಕಲಸಿದ್ದೀರಿ. ಲೇಖನದ ತಿರುಳೇ ಇದು, ಇದಕ್ಕೆ ನಾಲ್ಕು ಸಾಲು ಸಾಕೇ?

ಎಲೆಕ್ಟ್ರಿಕ್ ಸ್ಕೂಟರಿನ ಮೊದಲ ಪುಟ ಪೂರ್ತಿ ತೆಗೆಯಿರಿ.

ಅಪ್ಪನ ಮೊಬೈಲಿನ ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಎದ್ದ ಪ್ರಸಂಗವನ್ನು ಅಲ್ಲಿಗೆ ತನ್ನಿ. ನನಗೆ ತುಂಬ ಹಿಡಿಸಿದ ಭಾಗ ಅದು. ಆದರೆ ಡೆಂಡ್ರೈಟಿನಿಂದ ಉಬ್ಬಿತು ಎಂದು ಬರೆಯಬೇಡಿ. ಮೊಬೈಲಿನಲ್ಲಿರುವುದು ಲಿಥಿಯಂ-ಅಯಾನ್ ಬ್ಯಾಟರಿ, ಲೋಹದ ಜಾಗದಲ್ಲಿ ಗ್ರಾಫೈಟ್ ಇರುತ್ತದೆ. ಅದನ್ನು ಉಬ್ಬಿಸುವುದು ಒಳಗೆ ಹುಟ್ಟುವ ಅನಿಲ. ಲೆಕ್ಕದ ಪ್ರಕಾರ ಒಂದು ಗ್ರಾಂ ಗ್ರಾಫೈಟ್ ಹಿಡಿಯುವುದು 372 ಮಿಲಿಆಂಪಿಯರ್-ಗಂಟೆಯಷ್ಟು ವಿದ್ಯುದಾವೇಶ, ಒಂದು ಗ್ರಾಂ ಲಿಥಿಯಂ ಲೋಹ 3,860. ಲೋಹದ ಕಾಟವನ್ನು ವಿಜ್ಞಾನಿಗಳು ಇಷ್ಟು ವರ್ಷ ಸಹಿಸಿಕೊಂಡಿರುವುದೇಕೆ ಎಂದು ಓದುಗರಿಗೆ ಆಗ ತಿಳಿಯುತ್ತದೆ.

ಲಿಥಿಯಂ ಲೋಹದ ಬ್ಯಾಟರಿಯನ್ನು ‘ಹೊಸ ಆವಿಷ್ಕಾರ’ ಎಂದದ್ದೂ ಸರಿಯಲ್ಲ. 2019ರ ನೊಬೆಲ್ ಪಡೆದ ಮೂವರಲ್ಲೊಬ್ಬರಾದ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ 1970ರ ದಶಕದಲ್ಲೇ ಅದನ್ನು ಮಾಡಿದ್ದರು. 1991ರಲ್ಲಿ ಸೋನಿ ಮಾರುಕಟ್ಟೆಗೆ ತಂದ ಲಿಥಿಯಂ-ಅಯಾನ್ ಬ್ಯಾಟರಿಯಲ್ಲಿ ಲೋಹದ ಬದಲು ಇಂಗಾಲವಿತ್ತು.

‘ಲೇಪನ ಬಳಿದರೆ ಬೆಂಕಿ ಹತ್ತುವುದೇ ಇಲ್ಲ’ ಎಂಬ ಸಾಲು ಓದಿ ನನಗೆ ಹೆದರಿಕೆಯಾಯಿತು. ಲೇಪನ ಅಪಾಯ ತಗ್ಗಿಸಬಹುದು, ಆದರೆ ಈ ಬ್ಯಾಟರಿಗಳಲ್ಲಿ ಸಾಮಾನ್ಯವಾಗಿ ಬಳಸುವ ದ್ರವ ಎಲೆಕ್ಟ್ರೋಲೈಟ್ ಉರಿಯುವಂಥದ್ದೇ. ನಮ್ಮ ಮಾತು ನಂಬಿ ಯಾರಾದರೂ ಉಬ್ಬಿದ ಬ್ಯಾಟರಿಯನ್ನು ಒಲೆ ಪಕ್ಕ ಇಟ್ಟರೆ? ಆ ಸಾಲು ಹೋಗಲೇಬೇಕು.

ತಿದ್ದಿದ ಪ್ರತಿ ಕಳಿಸಿ. ಹಾಸನದ ಕಡೆ ಬಂದರೆ ಕಚೇರಿಗೆ ಬನ್ನಿ, ಶೀರ್ಷಿಕೆಯನ್ನು ಕೂತು ಹುಡುಕೋಣ.