ದೂರದರ್ಶನದ ಬ್ಯೋಮಕೇಶ್ ಬಕ್ಷಿ: ಹಿಂದಿ ಅಷ್ಟಾಗಿ ಬರದಿದ್ದರೂ ನೋಡಬಹುದಾ?

ಖಂಡಿತ ನೋಡಿ. 1993ರ ಈ ಹಿಂದಿ ಪತ್ತೇದಾರಿ ಧಾರಾವಾಹಿ ಈಗಲೂ ಹಿಡಿಸುತ್ತದಾ, ಹಿಂದಿ ಅರ್ಥವಾಗುತ್ತದಾ ಅಂತ ಕೇಳಿದ್ದೀರಿ. ಆಗ ನಮ್ಮ ಮನೆಯಲ್ಲಿ ಹಿಂದಿ ಬರುತ್ತಿದ್ದದ್ದು ಅಪ್ಪನಿಗೆ ಮಾತ್ರ, ಅದೂ ಅರ್ಧಂಬರ್ಧ. ಆದರೂ ಅದು ಮುಗಿಯೋವರೆಗೆ ಯಾರೂ ಟಿವಿ ಮುಂದಿನಿಂದ ಏಳುತ್ತಿರಲಿಲ್ಲ.

ಶರದಿಂದು ಬಂದ್ಯೋಪಾಧ್ಯಾಯರು 1932ರಿಂದ ಬಂಗಾಳಿಯಲ್ಲಿ ಬರೆದ ಕಥೆಗಳಿವು. ನಿರ್ದೇಶಕ ಬಾಸು ಚಟರ್ಜಿ ಅವಕ್ಕೆ ಸುಮ್ನೆ ಅಬ್ಬರ ತುಂಬಲಿಲ್ಲ. ಜನ ಕೂತು ಮಾತಾಡುತ್ತಾರೆ, ಚಹಾ ಕುಡಿಯುತ್ತಾರೆ, ಅಷ್ಟರಲ್ಲೇ ಗಂಟು ಬಿಚ್ಚಿಕೊಳ್ಳುತ್ತದೆ. ಬ್ಯೋಮಕೇಶನಾಗಿ ರಜಿತ್ ಕಪೂರ್ ದನಿ ಏರಿಸುವುದೇ ಅಪರೂಪ. ಪಂಚೆ ಉಟ್ಟ ಈ ಬ್ಯೋಮಕೇಶನಿಗೆ ಪತ್ತೇದಾರ ಅನ್ನಿಸಿಕೊಳ್ಳುವುದು ಇಷ್ಟವಿಲ್ಲ, ತಾನು 'ಸತ್ಯಾನ್ವೇಷಿ' ಅನ್ನುತ್ತಾನೆ. ಈ ಪದವನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಜೊತೆಗೆ ಗೆಳೆಯ ಅಜಿತ್ ಆಗಿ ಕೆ. ಕೆ. ರೈನಾ, ಹೆಂಡತಿ ಸತ್ಯವತಿಯಾಗಿ ಸುಕನ್ಯಾ ಕುಲಕರ್ಣಿ. ಸತ್ಯವತಿ ಪರಿಚಯವಾಗುವುದೂ ಒಂದು ಕೊಲೆ ಕೇಸಿನಲ್ಲೇ. ಸಂಸಾರ ಇರುವ ಪತ್ತೇದಾರ ನನಗೆ ಬಹಳ ಇಷ್ಟ. ಅವನು ನಮ್ಮ ಪಕ್ಕದ ಮನೆಯವನ ಹಾಗೆ ಕಾಣುತ್ತಾನೆ.

ಎಲ್ಲಿಂದ ಶುರು ಮಾಡಲಿ ಅಂದರೆ, 'ರಾಸ್ತೆ ಕಾ ಕಾಂಟಾ' (ದಾರಿಯ ಮುಳ್ಳು) ಅನ್ನೋ ಕಂತು ನೋಡಿ. ಹಳೇ ಕಲ್ಕತ್ತೆಯ ಬೀದಿಯಲ್ಲಿ ನಡೆದು ಹೋಗುತ್ತಿರುವವರು ಇದ್ದಕ್ಕಿದ್ದಂತೆ ಕುಸಿದು ಸಾಯುತ್ತಾರೆ. ಗುಂಡಿನ ಸದ್ದಿಲ್ಲ, ಹತ್ತಿರ ಬಂದವರಿಲ್ಲ. ಎದೆಯಲ್ಲಿ ಸಿಗುವುದು ಒಂದು ಗ್ರಾಮಫೋನ್ ಪಿನ್ನು! ಹೇಗೋ ಬದುಕಿ ಉಳಿದ ಒಬ್ಬರು ಬ್ಯೋಮಕೇಶನ ಹತ್ತಿರ ಬರುತ್ತಾರೆ. ಅವರ ಎದೆಯ ಜೇಬಿನಲ್ಲಿದ್ದ ಗಡಿಯಾರ ಒಡೆದಿದೆ, ಪಿನ್ನು ಅದರೊಳಗೆ ನಾಟಿಕೊಂಡಿದೆ. ಗಡಿಯಾರ ಅಡ್ಡ ಬರದಿದ್ದರೆ ನೇರ ಹೃದಯಕ್ಕೇ. ಇನ್ನೊಂದು ಕಡೆ ಪೇಪರಿನಲ್ಲೊಂದು ವಿಚಿತ್ರ ಜಾಹೀರಾತು: ದಾರಿಯ ಮುಳ್ಳು ತೆಗೆಸಬೇಕಾದವರು ಶನಿವಾರ ಸಂಜೆ ಇಂಥ ಅಂಗಡಿಯ ಮುಂದೆ ದೀಪದ ಕಂಬಕ್ಕೆ ಕೈಯಿಟ್ಟು ನಿಂತಿರಬೇಕಂತೆ. ಈ ಎರಡಕ್ಕೂ ಏನು ನಂಟು ಅಂತ ನಾನು ಹೇಳುವುದಿಲ್ಲ.

ಈಗಿನ ಕಣ್ಣಿಗೆ ಸೆಟ್ಟು, ಬೆಳಕು ಸಪ್ಪೆ ಅನ್ನಿಸಬಹುದು. 1997ರಲ್ಲಿ ಎರಡನೇ ಸರಣಿಯೂ ಬಂತು. ನನ್ನ ಮನಸ್ಸು ಮಾತ್ರ ಮೊದಲನೆಯದರ ಕಡೆಗೇ ಜಾಸ್ತಿ.

ಹಿಂದಿಯ ಚಿಂತೆ ಬಿಡಿ. ಮಾತು ನಿಧಾನ, ಬಿಡಿ ಬಿಡಿಯಾಗಿ ಕೇಳಿಸುತ್ತದೆ. ಆ ಪಿನ್ನಿನ ಕಥೆಯಲ್ಲಂತೂ ಮಾತಿಗಿಂತ ಬೀದಿಯ ಸದ್ದುಗಳಿಗೆ ಕಿವಿ ಕೊಡಿ.