ಮನೆ ಕಂಪ್ಯೂಟರನ್ನೇ ಸರ್ವರ್ ಮಾಡಿ ವೆಬ್ ಆಪ್ ಓಡಿಸಬಹುದಾ? ಫೋನಲ್ಲಿ ಯಾಕೆ ತೆರೀತಿಲ್ಲ?

ಫ್ಲಾಸ್ಕಲ್ಲಿ (ಪೈಥಾನ್ ಭಾಷೆಲಿ ವೆಬ್ ಆಪ್ ಕಟ್ಟೋ ಸಾಧನ) ಮಾಡಿದ ಆಪ್ ನನ್ನ ಕಂಪ್ಯೂಟರಲ್ಲಿ ಚೆನ್ನಾಗಿ ಓಡ್ತಿದೆ, ಫ್ರೆಂಡ್ ಫೋನಲ್ಲಿ 127.0.0.1:5000 ಹೊಡೆದ್ರೆ ಬರಲ್ಲ, ಹೋಸ್ಟಿಂಗಿಗೆ ದುಡ್ಡಿಲ್ಲ, ಏನ್ ಮಾಡ್ಲಿ ಅಂತ ಕೇಳಿದೀರಿ. ಖಂಡಿತ ಓಡಿಸಬಹುದು ರೀ. ನಾನು ದಾವಣಗೆರೆಲಿ ನಮ್ಮ ಮಾವನ ಮೆಕ್ಕೆಜೋಳದ ಮಂಡಿಲಿ ಮೂರು ವರ್ಷದಿಂದ ಇದನ್ನೇ ಮಾಡ್ತಾ ಇದೀನಿ, 4 ಜಿಬಿ ರ‍್ಯಾಮಿನ ಹಳೇ ಡೆಸ್ಕ್‌ಟಾಪು, ಫ್ಲಾಸ್ಕು, ಡೇಟಾ ಇಡೋಕೆ ಎಸ್‌ಕ್ಯೂಲೈಟು, ಅಷ್ಟೇ. ಕಾಟಾ ಹತ್ರ ಇರೋ ಹುಡುಗ ಫೋನಲ್ಲಿ ಚೀಲ ಎಷ್ಟು ತೂಕ ಎಷ್ಟು ಅಂತ ಹಾಕ್ತಾನೆ, ಒಳಗೆ ಕೂತಿರೋ ಮಾವನಿಗೆ ಅದು ಆಗಲೇ ಪಟ್ಟಿಯಾಗಿ ಕಾಣ್ತೈತೆ. ಇದಕ್ಕೆ ಇಂಟರ್ನೆಟ್ಟೇ ಬೇಕಿಲ್ಲ, ವೈಫೈ ರೂಟರ್ ಒಂದು ಆನ್ ಇದ್ರೆ ಸಾಕು.

ಸರ್ವರ್ ಅಂದ್ರೆ ಎಲ್ಲೋ ಇರೋ ದೊಡ್ಡ ಮೆಷಿನ್ ಅಂತ ಅಂದ್ಕೊಂಡಿದ್ರೆ ಅದನ್ನ ಮೊದಲು ತಲೆಯಿಂದ ತೆಗೀರಿ, ಕೇಳಿದವರಿಗೆ ಪೇಜ್ ಕಳಿಸೋ ಯಾವ ಕಂಪ್ಯೂಟರ್ ಆದ್ರೂ ಸರ್ವರ್ರೇ. 1990ರಲ್ಲಿ ವೆಬ್ ಕಂಡುಹಿಡಿದ ಟಿಮ್ ಬರ್ನರ್ಸ್-ಲೀ ಓಡಿಸಿದ ಪ್ರಪಂಚದ ಮೊದಲನೇ ವೆಬ್ ಸರ್ವರ್ ಕೂಡ ಸರ್ನ್ ಅನ್ನೋ ಸಂಶೋಧನಾ ಕೇಂದ್ರದಲ್ಲಿ ಅವರ ಟೇಬಲ್ ಮೇಲಿದ್ದ ನೆಕ್ಸ್ಟ್ ಅನ್ನೋ ಕಂಪನಿಯ ಕಂಪ್ಯೂಟರ್ರೇ, ಇದು ಸರ್ವರ್, ಆಫ್ ಮಾಡಬೇಡಿ ಅಂತ ಅದರ ಮೇಲೆ ಚೀಟಿ ಅಂಟಿಸಿದ್ರು. ನಮ್ಮ ಮಂಡಿಲೂ ಸ್ವಿಚ್ ಹತ್ರ ಅಂಥದ್ದೇ ಒಂದು ಚೀಟಿ ಐತೆ, ಕಸ ಹೊಡೆಯೋಕೆ ಬರೋ ಅಕ್ಕನಿಗೂ ಗೊತ್ತು.

ಈಗ ನಿಮ್ಮ ತೊಂದರೆ. 127.0.0.1 ಅಂದ್ರೆ "ನಾನೇ" ಅಂತ ಅರ್ಥ. ನಿಮ್ಮ ಕಂಪ್ಯೂಟರಲ್ಲಿ ಹೊಡೆದ್ರೆ ನಿಮ್ಮ ಕಂಪ್ಯೂಟರ್ರು, ಫ್ರೆಂಡ್ ಫೋನಲ್ಲಿ ಹೊಡೆದ್ರೆ ಆ ಫೋನು ತನ್ನೊಳಗೇ ಹುಡುಕ್ತೈತೆ, ಅಲ್ಲಿ ಏನೂ ಇರಲ್ಲ. ಅಷ್ಟೇ ಅಲ್ಲ, ಫ್ಲಾಸ್ಕ್ ತಾನಾಗೇ ಹೊರಗಿನವರಿಗೆ ಬಾಗಿಲು ತೆಗೆಯಲ್ಲ. ಹಾಗಾಗಿ ಕೋಡಲ್ಲಿ ಆಪ್ ಶುರು ಮಾಡೋ app.run ಸಾಲಲ್ಲಿ ಹೋಸ್ಟ್ ಜಾಗದಲ್ಲಿ 0.0.0.0 ಅಂತ ಕೊಡ್ರಿ, ಕಮಾಂಡ್ ಪ್ರಾಂಪ್ಟಲ್ಲಿ ಐಪಿಕಾನ್ಫಿಗ್ (ipconfig) ಹೊಡೆದು ಐಪಿವಿ4 (IPv4) ಅಡ್ರೆಸ್, ಅಂದ್ರೆ ವೈಫೈನಲ್ಲಿ ನಿಮ್ಮ ಕಂಪ್ಯೂಟರಿನ ನಂಬರು, ನೋಡ್ಕೊಳ್ರಿ, ಸಾಮಾನ್ಯವಾಗಿ 192.168 ಇಂದ ಶುರು ಆಗ್ತೈತೆ, ಫೋನನ್ನ ಅದೇ ವೈಫೈಗೆ ಹಾಕಿ ಆ ಅಡ್ರೆಸ್ಸು, ಮುಂದೆ ಕೋಲನ್ ಹಾಕಿ 5000 ಹೊಡೀರಿ. ಆಗಲೂ ಬರಲಿಲ್ಲ ಅಂದ್ರೆ ನೂರಕ್ಕೆ ತೊಂಬತ್ತು ಹೊರಗಿಂದ ಬರೋದನ್ನ ತಡೆಯೋ ವಿಂಡೋಸ್ ಫೈರ್‌ವಾಲೇ. ನೆಟ್‌ವರ್ಕ್ ಪಬ್ಲಿಕ್ ಅಂತ ಇದ್ರೆ ಪ್ರೈವೇಟ್ ಮಾಡಿ ಪೈಥಾನಿಗೆ ಪರ್ಮಿಷನ್ ಕೊಡ್ರಿ, ಆದ್ರೆ ಫೈರ್‌ವಾಲ್ ಪೂರ್ತಿ ಆಫ್ ಮಾತ್ರ ಮಾಡಬೇಡ್ರಿ.

ಹಂಗೇ ಬಾಗಿಲು ತೆಗೆದ ಮೇಲೆ ಡಿಬಗ್ ಮೋಡ್ (ಕೋಡಿನ ತಪ್ಪು ಹುಡುಕೋಕೆ ಇರೋ ಸೆಟ್ಟಿಂಗು) ಆಫ್ ಮಾಡ್ಲೇಬೇಕು. ಅದರ ಎರರ್ ಪೇಜಿಂದ ನಿಮ್ಮ ಕಂಪ್ಯೂಟರಲ್ಲಿ ಯಾವ ಕೋಡ್ ಬೇಕಾದ್ರೂ ಓಡಿಸೋ ದಾರಿ ಐತೆ, ನಡುವೆ ಇರೋದು ಒಂದು ಪಿನ್ ಮಾತ್ರ. ದಿನಾ ಬಳಸೋಕೆ ಫ್ಲಾಸ್ಕ್ ಜೊತೆ ಬರೋ ಸರ್ವರ್ ಬೇಡ, ವೇಟ್ರೆಸ್ ಅಂತ ಬೇರೆ ಸರ್ವರ್ ಪ್ರೋಗ್ರಾಮ್ ಐತೆ, ಪೈಥಾನಿನ ಪಿಪ್ (pip) ಕಮಾಂಡಲ್ಲಿ ಇನ್‌ಸ್ಟಾಲ್ ಆಗ್ತೈತೆ, ವಿಂಡೋಸಲ್ಲೂ ಓಡ್ತೈತೆ. ಗೂಗಲ್ ಮಾಡಿದ್ರೆ ಗ್ಯುನಿಕಾರ್ನ್ ಹಾಕಿ ಅಂತಾರೆ, ಅದು ವಿಂಡೋಸಲ್ಲಿ ನೇರವಾಗಿ ಓಡಲ್ಲ, ನಾನು ಅದಕ್ಕೆ ಒಂದು ಭಾನುವಾರ ಪೂರ್ತಿ ಕಳೆದಿದೀನಿ.

ನನಗೆ ನಿಜವಾಗ್ಲೂ ಪೆಟ್ಟು ಬಿದ್ದಿದ್ದು ಕೋಡಿಂದ ಅಲ್ಲ. ಸುಗ್ಗಿ ಟೈಮು, ರಾತ್ರಿ ಕರೆಂಟ್ ಹೋಗಿ ಬಂದು ರೂಟರ್ ರೀಸ್ಟಾರ್ಟ್ ಆಗಿತ್ತು, ಕಂಪ್ಯೂಟರಿನ ಅಡ್ರೆಸ್ಸಲ್ಲಿ ಕೊನೇ ನಂಬರ್ 7 ಇದ್ದದ್ದು 12 ಆಗಿಬಿಟ್ಟಿತ್ತು, ಬೆಳಿಗ್ಗೆ ಯಾವ ಫೋನಲ್ಲೂ ತೆರೀವಲ್ದು. ಹೊರಗೆ ಟ್ರ್ಯಾಕ್ಟರ್ ಸಾಲು, ಹರಪನಹಳ್ಳಿ ಕಡೆಯಿಂದ ರಾತ್ರಿನೇ ಬಂದು ಚೀಲದ ಮೇಲೆ ಮಲಗಿದ್ದ ರೈತರು ಪಟ್ಟಿಗೆ ಕಾಯ್ತಾ ನಿಂತವ್ರೆ, ಮಾವ ಏನೂ ಅನ್ನಲಿಲ್ಲ, ಹಳೇ ಕೆಂಪು ಪುಸ್ತಕ ತೆಗೆದು ಬರೆಯೋಕೆ ಶುರು ಮಾಡಿದ್ರು. ಅವತ್ತು ನನಗಾದ ಸಂಕಟ ಹೇಳೋಕಾಗಲ್ಲ. ಅವತ್ತೇ ರೂಟರ್ ಸೆಟ್ಟಿಂಗಲ್ಲಿ ಡಿಎಚ್‌ಸಿಪಿ ರಿಸರ್ವೇಷನ್ ಅಂತ ಇರೋದನ್ನ ಹುಡುಕಿ ಆ ಕಂಪ್ಯೂಟರಿಗೆ ಒಂದೇ ಅಡ್ರೆಸ್ ಕಾಯಂ ಮಾಡಿದೆ, ಟಾಸ್ಕ್ ಶೆಡ್ಯೂಲರಲ್ಲಿ ಕಂಪ್ಯೂಟರ್ ಆನ್ ಆದ ಕೂಡ್ಲೇ ಆಪ್ ತಾನೇ ಶುರು ಆಗೋ ಹಂಗೆ ಇಟ್ಟೆ, ಸ್ಲೀಪ್ ಆಫ್ ಮಾಡಿದೆ, ಕಂಪ್ಯೂಟರ್ ರೂಟರ್ ಎರಡಕ್ಕೂ ಯುಪಿಎಸ್ ಹಾಕಿಸಿದೆ. ನೀವು ಇದನ್ನ ಮೊದಲ ದಿನವೇ ಮಾಡ್ರಿ.

ಎಸ್‌ಕ್ಯೂಲೈಟ್ ಡೇಟಾ ಎಲ್ಲ ಒಂದೇ ಫೈಲಲ್ಲಿ ಇರ್ತೈತೆ, ಬರೆಯೋವಾಗ ಕರೆಂಟ್ ಹೋದ್ರೂ ಅರ್ಧಂಬರ್ಧ ಬರೆದದ್ದನ್ನ ವಾಪಸ್ ತೆಗೆಯೋ ಏರ್ಪಾಡು ಅದರಲ್ಲೇ ಐತೆ, ಆದ್ರೆ ಹಾರ್ಡ್ ಡಿಸ್ಕೇ ಹೋದ್ರೆ ಯಾರೂ ಕಾಯಲ್ಲ. ಆಪ್ ಓಡ್ತಿರೋವಾಗ ಫೈಲನ್ನ ಸುಮ್ನೆ ಕಾಪಿ ಪೇಸ್ಟ್ ಮಾಡದೆ ಅದರದ್ದೇ ಬ್ಯಾಕಪ್ ಕಮಾಂಡ್ ಬಳಸ್ರಿ, ನಾನು ದಿನಾ ಸಂಜೆ ಪೆನ್‌ಡ್ರೈವಿಗೆ ತಗೊಂಡು ಮನೆಗೆ ಒಯ್ತೀನಿ.

ಊರಾಚೆ ಇರೋರಿಗೂ ತೋರಿಸಬೇಕು ಅಂದ್ರೆ ಎನ್‌ಗ್ರಾಕ್ ಅಥವಾ ಕ್ಲೌಡ್‌ಫ್ಲೇರ್ ಟನೆಲ್ ಐತೆ, ಇವು ನಿಮ್ಮ ಕಂಪ್ಯೂಟರಲ್ಲಿರೋ ಆಪಿಗೆ ಇಂಟರ್ನೆಟ್ಟಿಂದ ದಾರಿ ಮಾಡಿಕೊಡ್ತಾವೆ. ಲಾಗಿನ್ ಇಲ್ಲದ ಆಪನ್ನ ಮಾತ್ರ ಹಂಗೆ ಹೊರಗೆ ಬಿಡಬೇಡ್ರಿ. ಮೊದಲು ಒಂದೇ ವೈಫೈನಲ್ಲಿ ಎರಡು ಫೋನಲ್ಲಿ ತೆರೀಲಿ, ತೆರೀಲಿಲ್ಲ ಅಂದ್ರೆ ಕಪ್ಪು ಪರದೆ ಮೇಲೆ ಬಂದ ಎರರ್ರನ್ನ ಪೂರ್ತಿ ಇಲ್ಲಿ ಹಾಕ್ರಿ, ರಾತ್ರಿ ಮಂಡಿ ಮುಚ್ಚಿದ ಮೇಲೆ ನೋಡ್ತೀನಿ.